ರಾಮನ್ ಅವರ ಬರಿಗಾಲು

“ಮಾಮಾ, ರಾಮನ್ ಕಾಲ್ ಕರ್ರಗ ಆಗ್ಯಾವ ನೋಡು.”

ದಸರಾ ರಜೆಗೆ ನಮ್ಮೂರು ನಾಗಲಗಿದ್ದಕ್ಕೆ ಬಂದಿದ್ದ ಅಕ್ಕನ ಮಗ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಹಸಿರು ಮೈದಾನದಲ್ಲಿ ಹನ್ನೊಂದು ಜನ ಓಡಾಡುತ್ತಿದ್ದರು. ಎಲ್ಲರ ಮೈಬಣ್ಣ, ಅಂಗಿ, ಚಡ್ಡಿ ಸರಿಯಾಗಿತ್ತು. ಪಾದಗಳು ಮಾತ್ರ ಇದ್ದಿಲು. ಮೂರು ದಿನ ಕೂತು ಮಾಡಿದ ಪಾದಗಳು ಅವು.

ಆಟ ಪಿಇಎಸ್ 2017 ಎಂಬ ಫುಟ್ಬಾಲ್ ವಿಡಿಯೊ ಗೇಮ್. ಅದು ಬಂದದ್ದು 2016ರಲ್ಲಿ. ಇಷ್ಟು ಹಳೆಯ ಆಟವನ್ನು ಹುಡುಗರು ಇನ್ನೂ ಬಿಟ್ಟಿಲ್ಲ. ಸಾಧಾರಣ ಲ್ಯಾಪ್‌ಟಾಪ್ ಅದನ್ನು ಎಳೆಯುತ್ತದೆ ಅನ್ನುವುದು ಒಂದು ಕಾರಣ, ಅದರೊಳಗೆ ಕೈಹಾಕಿ ಬೇಕಾದ್ದನ್ನು ಬದಲಿಸಿಕೊಳ್ಳಬಹುದು ಅನ್ನುವುದು ದೊಡ್ಡ ಕಾರಣ. ರಿಯಲ್ ಮ್ಯಾಡ್ರಿಡ್ ಹೆಸರು ಬಳಸುವ ಹಕ್ಕು ಆಟ ತಯಾರಿಸಿದ ಕೊನಾಮಿ ಕಂಪನಿಗೆ ಆ ವರ್ಷ ಇರಲಿಲ್ಲ. ಆಟದಲ್ಲಿ ಆ ತಂಡದ ಹೆಸರು ‘ಎಂಡಿ ವೈಟ್’. ಜನ ಸುಮ್ಮನಿರಲಿಲ್ಲ. ನಿಜವಾದ ಹೆಸರು, ಲಾಂಛನ, ಅಂಗಿ ಎಲ್ಲವನ್ನೂ ತಾವೇ ಮಾಡಿ ತುಂಬಿದರು. ಅದಕ್ಕೇ ಮಾಡ್ ಎನ್ನುತ್ತಾರೆ. ಸೈಡರ್ ಎಂಬ ಪುಟ್ಟ ತಂತ್ರಾಂಶ ಆಟದ ಮಗ್ಗುಲಲ್ಲಿ ನಿಂತು, ಆಟ ಒಂದು ಫೈಲ್ ಕೇಳಿದಾಗ ಮೂಲದ ಬದಲು ನಮ್ಮ ಫೈಲನ್ನು ಅದರ ಕೈಗಿಡುತ್ತದೆ.

ನಾವು ತುಂಬಲು ಹೊರಟದ್ದು 1948ರ ಭಾರತ ತಂಡವನ್ನು. ಆ ವರ್ಷ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ, ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ, ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ಟಿ. ಆವೊ ನಾಯಕ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಎರಡು ಪೆನಾಲ್ಟಿ ಕೈತಪ್ಪಿದವು, 2–1ರಿಂದ ಸೋತೆವು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತದ ಮೊದಲ ಗೋಲು. ಹೈದರಾಬಾದಿನ ಫುಟ್ಬಾಲ್ ಕೋಚ್ ರಹೀಮ್ ಸಾಹೇಬರ ಮೇಲೆ ಸಿನಿಮಾ ಬಂತು, ಬರಬೇಕಾದದ್ದೇ. ರಾಮನ್ ಹೆಸರು ಮಾತ್ರ ನಮ್ಮ ಕನ್ನಡ ಮಕ್ಕಳ ಕಿವಿಗೇ ಬಿದ್ದಿಲ್ಲ ಅನ್ನುವುದು ನನಗೆ ಬಹಳ ದಿನದಿಂದ ಕೊರೆಯುತ್ತಿತ್ತು. ಹುಡುಗನಿಗೆ ಕಥೆ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು: “ಬೂಟೇ ಇಲ್ಲದೆ?”

ಆಟದಲ್ಲಿ ಬೂಟು ಇಲ್ಲದ ಆಟಗಾರ ಇಲ್ಲ. ಹಾಗಾಗಿ ಬೂಟಿನ ಮೇಲೆ ಹೊದಿಸುವ ಚಿತ್ರವನ್ನೇ ತೆಗೆದು ಪಾದದ ಚಿತ್ರ ಹೊದಿಸಬೇಕು. ಚಿತ್ರಕ್ಕೆ ಅವನು ತನ್ನ ಪಾದದ್ದೇ ಫೋಟೊ ತೆಗೆದ. ತೊಳೆದು, ಒರೆಸಿ, ಕಟ್ಟೆಯ ಮೇಲೆ ಇಟ್ಟು, ಮೇಲಿಂದ, ಬಲದಿಂದ, ಎಡದಿಂದ, ಹಿಮ್ಮಡಿಯಿಂದ. ಅವನ್ನೆಲ್ಲ ಜೋಡಿಸಿ ಹೊಲಿದಂತೆ ಹೊಲಿದು ಒಂದು ಹಾಳೆ ಮಾಡಿದೆವು. ಅದೇ ಈಗ ಕರ್ರಗಾಗಿತ್ತು.

ಇಂಥ ಹೊತ್ತಿನಲ್ಲಿ ಎಲ್ಲ ಅಳಿಸಿ ಮತ್ತೆ ಹಾಕೋಣ ಅನ್ನಿಸುತ್ತದೆ. ನಾನು ಒಪ್ಪುವುದಿಲ್ಲ. ಅಳಿಸಿದರೆ ತಪ್ಪಿನ ಗುರುತೂ ಅಳಿಯುತ್ತದೆ. ಮೊದಲು ತಿಳಿಯಬೇಕಾದದ್ದು ಕೆಟ್ಟಿರುವುದು ಯಂತ್ರವೋ ಫೈಲೋ ಅನ್ನುವುದು. ಗ್ರಾಫಿಕ್ಸ್ ಕಾರ್ಡ್ ಕಾಯ್ದರೆ ಅಥವಾ ಅದರ ಡ್ರೈವರ್ ಕೆಟ್ಟರೆ ಚುಕ್ಕಿ, ಗೆರೆ, ಹರಿದ ತುಂಡುಗಳು ಸಾಮಾನ್ಯವಾಗಿ ಎಲ್ಲೆಂದರಲ್ಲಿ ಕಾಣುತ್ತವೆ, ಬೇರೆ ಆಟದಲ್ಲೂ ಬರುತ್ತವೆ. ಒಂದೇ ವಸ್ತು, ಪ್ರತಿ ಸಲ ಒಂದೇ ರೀತಿ ಕೆಟ್ಟರೆ ಅದು ಬಹುಮಟ್ಟಿಗೆ ಫೈಲಿನದೇ ಕೆಲಸ. ಸೈಡರ್ ನಿಲ್ಲಿಸಿ ಆಡಿಸಿದೆವು. ಕಂಪನಿಯ ಬೂಟುಗಳು ಫಳಫಳ ಹೊಳೆದವು.

ಹುಡುಗನ ಅನುಮಾನ ಸ್ಟೇಡಿಯಂ ಮಾಡ್ ಮೇಲೆ, ಅದನ್ನು ಹಿಂದಿನ ದಿನವಷ್ಟೇ ಹಾಕಿದ್ದ. ಸೈಡರಿನ ಪಟ್ಟಿಯಲ್ಲಿ ಹದಿನಾಲ್ಕು ಫೋಲ್ಡರ್ ಇದ್ದವು. ಒಂದೇ ಹೆಸರಿನ ಫೈಲ್ ಎರಡು ಕಡೆ ಇದ್ದರೆ ಪಟ್ಟಿಯಲ್ಲಿ ಮೇಲಿರುವುದೇ ಗೆಲ್ಲುತ್ತದೆ, ಆದ್ದರಿಂದ ಅವನ ಅನುಮಾನ ತಪ್ಪೇನಲ್ಲ. ಏಳು ಸಾಲಿನ ಮುಂದೆ ಅರ್ಧವಿರಾಮದ ಗುರುತು ಹಾಕಿ ಮುಚ್ಚಿದೆವು. ಪಾದ ಕರ್ರಗೇ. ಉಳಿದ ಏಳರಲ್ಲಿ ನಾಲ್ಕು ಮುಚ್ಚಿದೆವು. ಕರ್ರಗೇ. ಸ್ಟೇಡಿಯಂ ಆಗಲೇ ಹೊರಗೆ ಹೋಗಿತ್ತು. ಕೊನೆಗೆ ಉಳಿದದ್ದು ನಮ್ಮದೇ ಪಾದದ ಫೋಲ್ಡರ್.

ಅವನ ಮುಖ ಸಣ್ಣದಾಯಿತು. ಆಡುತ್ತಾ ಆಡುತ್ತಾ ಸಿಟ್ಟಿನಲ್ಲಿ ಒಂದು ಗೋಲು ಹೊಡೆದ. ಮರುಪ್ರಸಾರದಲ್ಲಿ ಕ್ಯಾಮೆರಾ ನೆಲಕ್ಕೆ ಬಾಗಿ ಹತ್ತಿರ ಬಂತು, ಅಲ್ಲಿ ಪಾದ ಪಾದದಂತೆಯೇ ಇತ್ತು! ಉಗುರು, ನರ, ಹಿಮ್ಮಡಿಯ ಬಿರುಕು ಸಮೇತ. ಕ್ಯಾಮೆರಾ ಮೇಲೇರಿತು, ಮತ್ತೆ ಇದ್ದಿಲು.

“ನಿಲ್ಲು, ಅಲ್ಲೇ ನಿಲ್ಲು” ಅಂದೆ. ಹತ್ತಿರದಲ್ಲಿ ಸರಿ, ದೂರದಲ್ಲಿ ತಪ್ಪು. ಎಲ್ಲಾ ಉತ್ತರ ಅದರೊಳಗೇ ಇತ್ತು.

ಹಿಂದೆ ಫೋಟೊ ಸ್ಟುಡಿಯೊದಲ್ಲಿ ಒಂದೇ ಮುಖವನ್ನು ಕಾರ್ಡ್ ಸೈಜ್, ಪಾಸ್‌ಪೋರ್ಟ್ ಸೈಜ್, ಸ್ಟಾಂಪ್ ಸೈಜ್ ಅಂತ ಬೇರೆ ಬೇರೆ ಅಳತೆಯಲ್ಲಿ ಕೊಡುತ್ತಿದ್ದರಲ್ಲ, ಆಟವೂ ಹಾಗೇ ಚಿತ್ರ ಕೇಳುತ್ತದೆ. ಆಟಗಾರ ದೂರ ಹೋದಂತೆ ದೊಡ್ಡ ಚಿತ್ರ ಬಿಟ್ಟು ಸಣ್ಣದನ್ನು ತೊಡಿಸುತ್ತದೆ, ಕೆಲಸ ಹಗುರಾಗಲಿ, ಚಿತ್ರ ಮಿನುಗದಿರಲಿ ಅಂತ. ಇವಕ್ಕೆ ಮಿಪ್‌ಮ್ಯಾಪ್ ಎನ್ನುತ್ತಾರೆ. 1024 ಚುಕ್ಕಿ ಅಗಲದ ಹಾಳೆಗೆ 512, 256, 128 ಎಂದು ಅರ್ಧರ್ಧವಾಗುತ್ತಾ ಒಂದೇ ಚುಕ್ಕಿಯವರೆಗೆ, ಮೂಲವೂ ಸೇರಿ ಹನ್ನೊಂದು ಚಿತ್ರ ಒಂದೇ ಡಿಡಿಎಸ್ ಫೈಲಿನಲ್ಲಿ ಇರಬೇಕು. ಚಿತ್ರ ತಿದ್ದುವ ಜಿಂಪ್ ತಂತ್ರಾಂಶದಲ್ಲಿ ಉಳಿಸುವಾಗ ‘ಮಿಪ್‌ಮ್ಯಾಪ್ ತಯಾರಿಸು’ ಅನ್ನುವುದನ್ನು ನಾವು ಆರಿಸಿರಲಿಲ್ಲ. ದೊಡ್ಡದೊಂದೇ ಇತ್ತು. ದೂರದಿಂದ ಆಟ ಸಣ್ಣ ಪಾದ ಕೇಳಿತು, ಇರಲಿಲ್ಲ, ಕತ್ತಲು ತೊಡಿಸಿತು.

ಆರಿಸಿ ಉಳಿಸಿದೆವು. ಫೈಲಿನ ಗಾತ್ರ ಮೂರನೇ ಒಂದು ಪಾಲು ಹೆಚ್ಚಾಯಿತು. ಅದನ್ನು ನೋಡಿದಾಗಲೇ ಸರಿಹೋಯಿತೆಂದು ನನಗೆ ಗೊತ್ತಾಗಿತ್ತು, ಆದರೂ ಆಟ ತೆರೆಯುವ ತನಕ ಇಬ್ಬರೂ ಮಾತಾಡಲಿಲ್ಲ. ಹನ್ನೊಂದೂ ಜನ ಬರಿಗಾಲಲ್ಲಿ ಮೈದಾನಕ್ಕೆ ಇಳಿದರು. ದೂರದ ಕ್ಯಾಮೆರಾದಲ್ಲೂ ಪಾದ ಕಂಡಿತು.

ದೊಡ್ಡ ಕಂಪನಿಗೂ ಇಂಥ ಚಿತ್ರಗಳನ್ನು ಸರಿಯಾಗಿ ಕೂರಿಸುವುದು ಸುಲಭವಲ್ಲ. 2021ರ ಸೆಪ್ಟೆಂಬರ್ 30ಕ್ಕೆ ಇದೇ ಕೊನಾಮಿಯ ಇಫುಟ್ಬಾಲ್ 2022 ಬಂದಾಗ ಹೆಸರಾಂತ ಆಟಗಾರರ ಮುಖಗಳೇ ವಿಕಾರವಾಗಿ ಕಂಡು, ಕಂಪನಿ ಕ್ಷಮೆ ಕೇಳಬೇಕಾಯಿತು. ಅಂಥದ್ದರಲ್ಲಿ ಹದಿಮೂರರ ಹುಡುಗನೊಬ್ಬ ಅರ್ಧರ್ಧ ಮುಚ್ಚುತ್ತಾ ತನ್ನ ತಪ್ಪಿನ ತನಕ ತಾನೇ ನಡೆದುಬಂದದ್ದು ನನಗೆ ಆ ಸಂಜೆ ತುಂಬಾ ದೊಡ್ಡದಾಗಿ ಕಂಡಿತು.

ಅವನು ಫ್ರಾನ್ಸ್ ಮೇಲೆ ಆಡಿದ. ರಾಮನ್ ಕೈಲೇ ಗೋಲು ಹೊಡೆಸಬೇಕೆಂದು ಚೆಂಡನ್ನೆಲ್ಲ ಅವರಿಗೇ ಕೊಡುತ್ತಿದ್ದ. ಕೊನೆಗೂ ಬಿತ್ತು. ಮರುಪ್ರಸಾರದಲ್ಲಿ ಕ್ಯಾಮೆರಾ ಹತ್ತಿರ ಬಂತು. ಅವನು ಆಟ ನಿಲ್ಲಿಸಿ ಆ ಪಾದವನ್ನೇ ನೋಡುತ್ತಾ ಕೂತ.

“ಮಾಮಾ, ಆಡೋರ ಕಾಲ್ ಇಷ್ಟು ಸ್ವಚ್ಛ ಇರ್ತಾವೇನು?”

ನಾನು ಉತ್ತರ ಹೇಳುವುದರೊಳಗೆ ಫೋನ್ ಹಿಡಿದು ಹೊರಗೆ ಹೋಗಿದ್ದ. ಬಾಗಿಲಿನಿಂದ ನೋಡಿದೆ. ಹಿತ್ತಲ ಆಚೆಯ ಹೊಲದ ಬದುವಿನ ಹತ್ತಿರ, ಹಸಿಮಣ್ಣಿನಲ್ಲಿ ಎರಡೂ ಪಾದ ಊರಿ, ಬಾಗಿ ಬಾಗಿ ಫೋಟೊ ತೆಗೆಯುತ್ತಿದ್ದ. ಮೇಲಿಂದ, ಬಲದಿಂದ, ಎಡದಿಂದ, ಹಿಮ್ಮಡಿಯಿಂದ.