ಅಂಗಿಯ ಬಗಲಿನ ಹಳದಿ ಕಲೆ

ಯುಗಾದಿ ಕಳೆದು ಮೃಗಶಿರಾ ಮಳೆ ಬೀಳುವವರೆಗಿನ ನಮ್ಮ ಬೀದರ ಸೀಮೆಯ ಬಿಸಿಲನ್ನು ಹೊರಗಿನವರಿಗೆ ಮಾತಿನಲ್ಲಿ ತಿಳಿಸುವುದು ಕಷ್ಟ. ಬೀದರ ನಗರವು ಎರಡು ಸಾವಿರ ಅಡಿಗೂ ಮಿಕ್ಕಿದ ಎತ್ತರದಲ್ಲಿ, ಕೆಂಪುಕಲ್ಲಿನ ದಿಣ್ಣೆಯ ಮೇಲಿರುವುದರಿಂದ ಸಂಜೆಯ ಹೊತ್ತಿಗೆ ಒಂದಿಷ್ಟು ಗಾಳಿಯಾದರೂ ಆಡುತ್ತದೆ. ಭಾಲ್ಕಿ, ಔರಾದ ಕಡೆಯ ಕರಿಮಣ್ಣಿನ ಬಯಲಿಗೆ ಇಳಿದರೆ ಆ ಸುಖವೂ ಇಲ್ಲ. ಮದುವೆ, ಜಾತ್ರೆ, ಗುರುಹಿರಿಯರ ದರ್ಶನಗಳೆಲ್ಲ ಬಹುಮಟ್ಟಿಗೆ ಇದೇ ತಿಂಗಳುಗಳಲ್ಲಿ ಒದಗಿಬರುತ್ತವೆ. ನಮ್ಮ ಕಡೆಯ ಗಂಡಸರಿಗೆ ಇಂಥ ಸಂದರ್ಭಗಳಲ್ಲಿ ಬಿಳಿಯ ಅಂಗಿಯೇ ಆಗಬೇಕು. ತುಂಬಿದ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ಭಾಲ್ಕಿಯಿಂದ ಬೀದರಕ್ಕೆ ನಿಂತು ಬಂದವನ ಅಂಗಿಯ ಬಗಲು ಒದ್ದೆಯಾಗದಿದ್ದರೆ ಅದೇ ಆಶ್ಚರ್ಯ. ಒದ್ದೆ ಒಣಗುತ್ತದೆ. ನಾಲ್ಕಾರು ಒಗೆತಗಳ ತರುವಾಯ ಅಲ್ಲಿ ನೆಲೆಸುವ ಹಳದಿ ಕಲೆಯದೇ ತೊಂದರೆ.

ಕುಟುಂಬದವರೆಲ್ಲ ಕೂಡಿ ಓದುವ ಪತ್ರಿಕೆಯಲ್ಲಿ ಬೆವರಿನ ಮಾತೇಕೆ ಎಂದು ಕೆಲವರು ಮೂಗು ಮುರಿಯಬಹುದು. ಅಂಥವರು ನಮ್ಮ ಜಿಲ್ಲೆಯ ಬಸವಕಲ್ಯಾಣವನ್ನೊಮ್ಮೆ ನೆನೆಯಲಿ. ಅಲ್ಲಿ ಮಡಿವಾಳ ಮಾಚಿದೇವರ ಹೆಸರಿನ ಹೊಂಡವಿದೆ. ಹನ್ನೆರಡನೆಯ ಶತಮಾನದಲ್ಲಿ ಶರಣರ ಬಟ್ಟೆಗಳನ್ನು ಮಡಿ ಮಾಡುವುದನ್ನೇ ಕಾಯಕವಾಗಿಸಿಕೊಂಡ ಆ ವೀರಶರಣರು ಮೈಮುರಿದು ದುಡಿಯುವವರ ಬಟ್ಟೆಗಳನ್ನಷ್ಟೇ ಒಗೆಯುತ್ತಿದ್ದರು, ಸೋಮಾರಿಗಳ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲ ಎಂಬ ಪ್ರತೀತಿ ಇದೆ. ಹಾಗಿದ್ದ ಮೇಲೆ ಅವರ ಕೈಗೆ ಬಂದ ಬಟ್ಟೆಯೆಲ್ಲ ಬೆವರಿದ ಬಟ್ಟೆಯೇ ಆಗಿರಬೇಕಲ್ಲವೇ?

ಈ ಕಲೆ ಸಣ್ಣ ಸಂಗತಿಯಲ್ಲವೆಂದು ನಮಗೆ ಮನವರಿಕೆಯಾದದ್ದು ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಬಳಗದ ಹುಡುಗನೊಬ್ಬ ಅಲ್ಲಿಯ ಶಾಲೆಗೆ ಹೊಸದಾಗಿ ಶಿಕ್ಷಕನಾಗಿ ಸೇರಿದ್ದ. ಆ ಕಡೆ ಹೋದಾಗ ಅವನ ತರಗತಿಯ ಬಾಗಿಲಲ್ಲಿ ನಿಂತು ನೋಡಿದೆವು. ಅವನು ಕರಿಹಲಗೆಯ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದ. ಮೇಲಿನ ಅರ್ಧ ಖಾಲಿ. ಹಿಂದಿನ ಸಾಲಿನ ಮಕ್ಕಳು ಕತ್ತು ಚಾಚಿ, ಮೊಣಕಾಲಿನ ಮೇಲೆದ್ದು ಓದಿಕೊಳ್ಳುತ್ತಿದ್ದವು. ಪಾಠ ಮುಗಿದ ಮೇಲೆ, "ಯಾಕೋ ತಮ್ಮಾ, ಮ್ಯಾಲಿನ ಹಲಗಿ ಯಾಕ ಬಿಟ್ಟಿದಿ?" ಎಂದು ಕೇಳಿದೆವು. ಅವನು ಅತ್ತಿತ್ತ ನೋಡಿ, "ಕಾಕಾ, ಕೈ ಎತ್ತಿದರ ಬಗಲ ಕಾಣಸ್ತದರಿ. ಪೋರಗೋಳು ನಗ್ತಾವ" ಎಂದ. ಅವನಿಗಿದ್ದವು ಎರಡೇ ಬಿಳಿ ಅಂಗಿಗಳು. ಒಂದನ್ನು ಪೇಟೆಯ ಲಾಂಡ್ರಿಗೆ ಕೊಟ್ಟಿದ್ದ. ಅಲ್ಲಿ ಖಾರವಾದ ಬ್ಲೀಚ್ ಹಾಕಿದ್ದರಿಂದ ಕಲೆ ಹೋಗುವ ಬದಲು ಇನ್ನಷ್ಟು ಹಳದಿಗೆ ತಿರುಗಿ, ಬಟ್ಟೆ ಅಲ್ಲಿಯೇ ಪಿಸಿಯತೊಡಗಿತ್ತು. ಇನ್ನೊಂದನ್ನು ಅವನ ತಾಯಿ ಕುದಿಯುವ ನೀರಿನಲ್ಲಿ ನೆನೆಯಿಟ್ಟು ಕಲ್ಲಿಗೆ ಬಡಿದು ಬಡಿದು ಸೋತಿದ್ದರು. ಮಗನ ಮೊದಲ ನೌಕರಿ, ಹೊಸ ಅಂಗಿ ಹೊಲಿಸಲು ಸಂಬಳ ಇನ್ನೂ ಕೈಗೆ ಬಂದಿಲ್ಲ. ಆ ತಾಯಿಯ ರಟ್ಟೆಯ ನೋವಿಗಿಂತ ಖಾಲಿ ಉಳಿದ ಆ ಅರ್ಧ ಹಲಗೆ ನಮ್ಮನ್ನು ಹೆಚ್ಚು ಕಾಡಿತು.

ಆ ಮೇಲೆ ಈ ವಿಷಯವನ್ನು ತಿಳಿದವರಲ್ಲಿ ಕೇಳಿ, ಓದಿ, ಮನೆಯಲ್ಲಿ ಮಾಡಿಯೂ ನೋಡಿದೆವು. ಮೊದಲು ತಿಳಿಯಬೇಕಾದದ್ದು ಇಷ್ಟು: ಬೆವರು ಒಂದೇ ಈ ಹಳದಿಗೆ ಕಾರಣವಲ್ಲ. ನಮ್ಮ ಮೈಯಲ್ಲಿ ಎರಡು ಬಗೆಯ ಬೆವರಿನ ಗ್ರಂಥಿಗಳಿವೆ. ಮೈತುಂಬ ಇರುವವು ಸುರಿಸುವುದು ಬಹುತೇಕ ನೀರು ಮತ್ತು ಉಪ್ಪು. ಬಗಲಿನಂಥ ಕೆಲವೇ ಎಡೆಗಳಲ್ಲಿರುವ ಇನ್ನೊಂದು ಬಗೆಯವು ಹರೆಯ ಬಂದ ಮೇಲೆ ಕೆಲಸಕ್ಕೆ ತೊಡಗುತ್ತವೆ. ಅವುಗಳ ಸ್ರಾವದಲ್ಲಿ ಕೊಬ್ಬು, ಪ್ರೋಟೀನುಗಳ ಅಂಶ ಸೇರಿರುತ್ತದೆ. ಅದಕ್ಕೂ ಹುಟ್ಟುವಾಗ ವಾಸನೆಯಿಲ್ಲ. ಚರ್ಮದ ಮೇಲಿನ ಸೂಕ್ಷ್ಮಾಣುಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಬೆವರು ತಡೆಯಲೆಂದು ಪೇಟೆಯಲ್ಲಿ ಮಾರುವ ಲೇಪನಗಳಲ್ಲಿ ಅಲ್ಯೂಮಿನಿಯಂ ಲವಣಗಳಿರುತ್ತವೆ. ಈ ಲವಣ, ಬಗಲಿನ ಸ್ರಾವ, ಬಟ್ಟೆಯಲ್ಲಿ ಉಳಿದ ಸಾಬೂನು ಇವೆಲ್ಲ ಕೂಡಿ ನೂಲಿನಲ್ಲಿ ಕಚ್ಚಿಕೊಂಡಾಗ ಹಳದಿಯಾಗುತ್ತದೆ, ಕೈಗೆ ಗಡುಸಾಗಿ ಹತ್ತುತ್ತದೆ. ಅದರ ಮೇಲೆ ಬಿಸಿ ಇಸ್ತ್ರಿ ಎಳೆದರೆ ಕಲೆ ಇನ್ನೂ ಭದ್ರವಾಗುತ್ತದೆ.

ನಮ್ಮ ಬಿದರಿ ಕುಶಲಕರ್ಮಿಗಳ ಕೆಲಸವನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಸತು ಮತ್ತು ತಾಮ್ರದ ಆ ಪಾತ್ರೆ ಮೊದಲು ಕಪ್ಪಗಿರುವುದಿಲ್ಲ, ಕೋಟೆಯ ಮಣ್ಣಿನಲ್ಲೂ ಆ ಕಪ್ಪು ಇಲ್ಲ. ಮಣ್ಣಿಗೆ ನವಸಾಗರ ಬೆರೆಸಿ, ನೀರು ಹಾಕಿ, ಬಿಸಿಮಾಡಿದ ಪಾತ್ರೆಗೆ ತಿಕ್ಕಿದಾಗ ಮಿರಿಮಿರಿ ಕಪ್ಪು ಮೂಡುತ್ತದೆ. ಬೆಳ್ಳಿಯ ಎಳೆ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಗಲಿನ ಕಲೆಯೂ ಹೀಗೆ ಕೂಡುವಿಕೆಯ ಫಲವೇ. ಬಿದರಿಯದನ್ನು ದುಡ್ಡು ಕೊಟ್ಟು ಕೊಳ್ಳುತ್ತೇವೆ, ಇದನ್ನು ಮುಚ್ಚಿಟ್ಟುಕೊಳ್ಳುತ್ತೇವೆ, ಅಷ್ಟೇ!

ಇನ್ನು ಪರಿಹಾರದ ಮಾತು. ಬೆವರಿದ ಅಂಗಿಯನ್ನು ಬಿಚ್ಚಿ ಗೂಟಕ್ಕೆ ತೂಗುಹಾಕಿ, ವಾರದ ಒಗೆತಕ್ಕೆ ಕಾಯುವುದೇ ನಮ್ಮ ಮನೆಗಳ ರೂಢಿ. ಇದನ್ನು ಬಿಡಬೇಕು. ಮನೆಗೆ ಬಂದ ಕೂಡಲೆ ಅಂಗಿಯ ಒಳಮೈ ಹೊರಗೆ ಮಾಡಿ, ಬಗಲಿನ ಭಾಗವನ್ನಷ್ಟೇ ಒಂದು ತಂಬಿಗೆ ತಣ್ಣೀರಿನಲ್ಲಿ ಹಿಂಡಿ ಹಾಕಿದರೂ ಸಾಕು, ಅರ್ಧ ಕೆಲಸ ಮುಗಿಯಿತು. ತಣ್ಣೀರೇ ಆಗಬೇಕು. ಮೊದಲಿಗೇ ಕುದಿನೀರು ಹಾಕಿದರೆ ಪ್ರೋಟೀನಿನ ಅಂಶ ಬೆಂದ ಮೊಟ್ಟೆಯಂತೆ ಗಟ್ಟಿಯಾಗಿ ನೂಲಿಗೆ ಅಂಟುತ್ತದೆ. ನಮ್ಮ ಓದುಗರಿಗೆ ಮೊಟ್ಟೆಯ ಹೋಲಿಕೆ ಒಗ್ಗದಿದ್ದರೆ ಕಾಯಿಸಿದ ಪಾತ್ರೆಯ ತಳಕ್ಕೆ ಹತ್ತಿದ ಹಾಲನ್ನು ನೆನೆಯಬಹುದು.

ಕಲೆ ಆಗಲೇ ಕೂತಿದ್ದರೆ, ಬಿಳಿಯ ಹತ್ತಿಯ ಅಂಗಿಗೆ ಅಡುಗೆ ಸೋಡಾ ಎರಡು ಚಮಚ, ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಒಂದು ಚಮಚ, ನೀರು ಒಂದು ಚಮಚ ಕಲಸಿ ಹಿಟ್ಟಿನಂತೆ ಮಾಡಿಕೊಳ್ಳಬೇಕು. ಪೆರಾಕ್ಸೈಡ್ ಶೇಕಡಾ 3ರದ್ದಾಗಿರಲಿ. ಸೀಸೆಯ ಮೇಲೆ ಶೇಕಡಾ 6 ಎಂದಿದ್ದರೆ ಮೊದಲು ಅಷ್ಟೇ ನೀರು ಬೆರೆಸಿ ತೆಳುಮಾಡಿಕೊಳ್ಳಬೇಕು. ಇದನ್ನು ತೋಯಿಸಿದ ಬಗಲಿಗೆ ಒಳಗಿನಿಂದ ಸವರಿ, ಅರ್ಧ ಗಂಟೆ ನೆರಳಿನಲ್ಲಿ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ, ಎಂದಿನಂತೆ ಒಗೆಯಬೇಕು. ಆಮೇಲೆ ಬಿಸಿಲಿಗೆ ಹಾಕುವ ಮುನ್ನ ಒದ್ದೆಯಿರುವಾಗಲೇ ಬೆಳಕಿಗೆ ಹಿಡಿದು ನೋಡಬೇಕು. ಕಲೆ ಉಳಿದಿದ್ದರೆ ಮತ್ತೊಮ್ಮೆ ಹಚ್ಚಬೇಕೇ ಹೊರತು ಇಸ್ತ್ರಿ ಮಾಡಬಾರದು. ಹೋದ ಮೇಲೆ ಬಿಳಿಯ ಹತ್ತಿಯನ್ನು ಧಾರಾಳವಾಗಿ ಬಿಸಿಲಿಗೆ ಹಾಕಬಹುದು. ನಮ್ಮ ಬಿಸಿಲು ಬೇರೇನು ಕೊಡದಿದ್ದರೂ ಬಟ್ಟೆಗೆ ಬಿಳುಪನ್ನು ಪುಕ್ಕಟೆಯಾಗಿ ಕೊಡುತ್ತದೆ.

ಬಣ್ಣದ ಅಂಗಿಗೆ ಪೆರಾಕ್ಸೈಡ್ ಸಲ್ಲದು, ಬಣ್ಣವನ್ನೂ ತಿಂದುಬಿಡುತ್ತದೆ. ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು ಕೂಡಿಸಿ ಆ ಭಾಗವನ್ನು ಅರ್ಧ ಗಂಟೆ ನೆನೆಯಿಟ್ಟು ಒಗೆದರೆ ಲೇಪನದ ಗಡುಸು ಕರಗುತ್ತದೆ. ಯಾವುದಕ್ಕೂ ಮೊದಲು ಒಳಹೊಲಿಗೆಯ ಮರೆಯಲ್ಲಿ ಒಂದು ಹನಿ ಹಾಕಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಬೇಕು. ರೇಷ್ಮೆಗೆ, ಉಣ್ಣೆಗೆ ಸೋಡಾ ತಾಗಿಸಲೇಬಾರದು. ಕೆಲವರು ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದು ಬುಸುಬುಸು ನೊರೆ ಬಂದದ್ದನ್ನು ಕಂಡು ಹಿಗ್ಗುತ್ತಾರೆ. ಅಲ್ಲಿ ನಡೆಯುವುದು ಒಂದರ ಶಕ್ತಿಯನ್ನು ಇನ್ನೊಂದು ಕೊಲ್ಲುವುದಷ್ಟೇ.

ತಾಯಂದಿರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವಕ್ಕೆ ವಿನೆಗರ್, ನಿಂಬೆರಸ ಮುಂತಾದ ಹುಳಿ ಪದಾರ್ಥಗಳನ್ನು ಎಂದೂ ಬೆರೆಸಬಾರದು. ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಜೀವಕ್ಕೇ ಕುತ್ತು. ಪೆರಾಕ್ಸೈಡಿನೊಂದಿಗೂ ವಿನೆಗರ್ ಸೇರಿಸಬಾರದು. ಅದಲ್ಲದೆ ಬಗಲಿನ ಕಲೆಗೆ ಬ್ಲೀಚ್ ಮದ್ದೇ ಅಲ್ಲ. ಪ್ರೋಟೀನಿನೊಡನೆ ಕೂಡಿ ಅದು ಹಳದಿಯನ್ನು ಹೆಚ್ಚಿಸುತ್ತದೆ. ಆ ಶಿಕ್ಷಕನ ಅಂಗಿಗೆ ಆದದ್ದೂ ಇದೇ.

ನೀರಿನ ವಿಚಾರವನ್ನೂ ಮರೆಯುವಂತಿಲ್ಲ. ಕರಿಗಲ್ಲಿನ ಸೀಳುಗಳಿಂದ ಎತ್ತುವ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿ ಸಾಬೂನು ನೊರೆ ಕಟ್ಟದೆ ಬಿಳಿಯ ಗಸಿಯಾಗಿ ಬಟ್ಟೆಗೆ ಹತ್ತುತ್ತದೆ, ಆ ಗಸಿಯೇ ಮುಂದಿನ ಕಲೆಗೆ ಬುನಾದಿ. ನೊರೆ ಬಾರದ ನೀರಿದ್ದರೆ ಹತ್ತಿಯ ಬಟ್ಟೆಗೆ ಬಕೆಟ್ಟಿಗೊಂದು ಚಮಚ ಬಟ್ಟೆ ಸೋಡಾ ಹಾಕಿ, ಸಾಬೂನಿನ ಬದಲು ಡಿಟರ್ಜೆಂಟ್ ಪುಡಿ ಬಳಸುವುದು ಲೇಸು. ಒಂದು ನೀರು ಹೆಚ್ಚಿಗೆ ಜಾಲಿಸಬೇಕು. ಬೇಸಿಗೆಯಲ್ಲಿ ಆ ಒಂದು ಬಕೆಟ್ಟು ಎಷ್ಟು ತುಟ್ಟಿಯೆಂಬುದನ್ನು ಔರಾದ ಕಡೆಯ ಗೃಹಿಣಿಯರಿಗೆ ನಾವು ಹೇಳಬೇಕಾಗಿಲ್ಲ. ಅದಕ್ಕಾಗಿಯೇ ಅಂದಂದಿನ ತಂಬಿಗೆ ನೀರಿನ ಉಪಾಯ ನಮಗೆ ಮೆಚ್ಚುಗೆಯಾದದ್ದು.

ಕಲೆಯಾಗದಂತೆ ತಡೆಯುವುದು ಇದೆಲ್ಲಕ್ಕಿಂತ ಸುಲಭ. ಅಲ್ಯೂಮಿನಿಯಂ ಇರುವ ಲೇಪನವನ್ನು ಹಚ್ಚುವವರು ರಾತ್ರಿ ಮಲಗುವಾಗ, ಒಣಗಿದ ಚರ್ಮಕ್ಕೆ, ಸ್ವಲ್ಪವೇ ಹಚ್ಚಬೇಕು. ಬೆಳಿಗ್ಗೆ ಜಳಕ ಮಾಡಿದರೂ ಅದರ ಗುಣ ಉಳಿದಿರುತ್ತದೆ, ಅಂಗಿಗೆ ಮಾತ್ರ ಹತ್ತುವುದಿಲ್ಲ. ಬಸ್ಸು ಬಂತೆಂದು ಹಸಿಯಾಗಿ ಬಳಿದುಕೊಂಡು ಅದರ ಮೇಲೇ ಅಂಗಿ ತೊಡುವುದರಿಂದಲೇ ಮುಕ್ಕಾಲು ಕಲೆ ಎಂದು ನಮ್ಮ ಎಣಿಕೆ. ಈ ಲೇಪನಗಳ ಚರಿತ್ರೆಯೇ ಹಾಗಿದೆ: ಅಮೆರಿಕದಲ್ಲಿ 1903ರಲ್ಲಿ ಪೇಟೆಗೆ ಬಂದ ಎವರ್‌ಡ್ರೈ ಎಂಬ ಮೊದಮೊದಲಿನ ಅಲ್ಯೂಮಿನಿಯಂ ಕ್ಲೋರೈಡ್ ದ್ರವದ ಕಾಲದಿಂದಲೂ ಅವುಗಳ ಹುಳಿಗುಣ ಬಟ್ಟೆಯನ್ನು ತಿನ್ನುತ್ತಿತ್ತು. ನಮ್ಮ ಹಿರಿಯರು ಬಗಲಿಗೆ ಉಜ್ಜುವ ಪಟಿಕವೂ ಅಲ್ಯೂಮಿನಿಯಂ ಲವಣವೇ, ಅದನ್ನೂ ಒಣಗಗೊಡಬೇಕು.

ಬನಿಯನ್ ತೊಡುವವರು ತೋಳಿದ್ದದ್ದನ್ನು ತೊಡಲಿ. ತೋಳಿಲ್ಲದ ಬನಿಯನ್ ಹೊಟ್ಟೆಯನ್ನು ಕಾಯುತ್ತದೆ, ಬಗಲನ್ನಲ್ಲ. ಹಿಂದಿನ ದರ್ಜಿಗಳು ಸಡಿಲವಾದ ಅಂಗಿಯ ಬಗಲಿಗೆ ಬೇರೆಯೇ ಒಂದು ಚೌಕ ತುಂಡು ಕೂಡಿಸಿ ಹೊಲಿಯುತ್ತಿದ್ದರು. ಗಾಳಿಯೂ ಆಡುತ್ತಿತ್ತು, ಸವೆದರೆ ಆ ತುಂಡನ್ನಷ್ಟೇ ಬದಲಿಸಬಹುದಿತ್ತು. ಈಗಿನ ಮೈಗಂಟಿದ ಅಂಗಿಗಳಲ್ಲಿ ಆ ಅನುಕೂಲವೆಲ್ಲಿ? ಬಟ್ಟೆಯ ಜಾತಿಯೂ ಮುಖ್ಯ. 2014ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ 26 ಜನರು ಸೈಕಲ್ ತುಳಿದು ಬೆವರಿದ ಅಂಗಿಗಳನ್ನು ಪರೀಕ್ಷಿಸಿದಾಗ, ಹತ್ತಿಯದಕ್ಕಿಂತ ಪಾಲಿಯೆಸ್ಟರಿನದು ಹೆಚ್ಚು ನಾರುತ್ತಿದ್ದುದು ಕಂಡುಬಂತು. ಇಸ್ತ್ರಿ ಕೆಡದೆಂಬ ಆಸೆಗೆ ಟೆರಿಕಾಟಿಗೆ ಒಲಿದ ನಮ್ಮ ತಲೆಮಾರಿನವರು ಬೇಸಿಗೆಗಾದರೂ ಹತ್ತಿಗೆ ಮರಳುವುದು ಒಳ್ಳೆಯದು.

ಬಿಸಿಲಿಲ್ಲದಾಗಲೂ, ಕುಳಿತಲ್ಲೇ ಅಂಗಿ ತೊಯ್ಯುವಷ್ಟು ಬೆವರುವವರಿದ್ದರೆ ಅದು ಒಗೆತದ ಪ್ರಶ್ನೆಯಲ್ಲ. ರಾತ್ರಿ ಬೆವರುವುದರೊಂದಿಗೆ ಜ್ವರ, ತೂಕ ಇಳಿಯುವುದು, ಬಿಡದ ಕೆಮ್ಮು ಇದ್ದರೆ ಕ್ಷಯದ ಶಂಕೆಯೂ ಇರುವುದರಿಂದ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಆ ಹುಡುಗನ ಎರಡು ಅಂಗಿಗಳಲ್ಲಿ ತಾಯಿ ಒಗೆದದ್ದು ಸೋಡಾದ ಹಿಟ್ಟನ್ನು ಮೂರು ಸಲ ಹಚ್ಚಿದ ಮೇಲೆ ಬಹುಮಟ್ಟಿಗೆ ಬಿಳಿಯಾಯಿತು. ಹೊಲಿಗೆಯ ಗೆರೆಯಲ್ಲಿ ಮಾತ್ರ ಮಸುಕು ಉಳಿಯಿತು. ಲಾಂಡ್ರಿಯಿಂದ ಬಂದದ್ದು ಉಳಿಯಲಿಲ್ಲ. ನೂಲೇ ಸತ್ತ ಬಟ್ಟೆಗೆ ಯಾವ ಉಪಚಾರವೂ ಇಲ್ಲ. ಅವನ ತಾಯಿ ಅದರ ಬಗಲಿನ ಭಾಗವನ್ನು ಕತ್ತರಿಸಿ ತೆಗೆದು, ಬೆನ್ನಿನ ಗಟ್ಟಿ ಬಟ್ಟೆಯನ್ನು ಆ ವರ್ಷ ಹೊಲಿಯುತ್ತಿದ್ದ ಕೌದಿಯ ನಡುವೆ ಕೂಡಿಸಿದರು.