ಬೀಗದ ಕೈ

ನಮ್ಮ ಶಾಲೆಯ ವರಾಂಡದಲ್ಲಿ, ಹೆಡ್ ಮಿಸ್ಟ್ರೆಸ್ ಕೋಣೆಗೆ ತಿರುಗುವ ಮೂಲೆಯಲ್ಲಿ, ಒಂದು ಫೋಟೋ ತೂಗುಹಾಕಿದ್ದರು. ಕಪ್ಪು ಮುಸುಕಿನ ವಿದೇಶಿ ಸಿಸ್ಟರ್ ಒಬ್ಬರದು. ತಡವಾಗಿ ಬಂದವರು, ಹೋಂವರ್ಕ್ ಮರೆತವರು ನಿಲ್ಲಬೇಕಾಗಿದ್ದದ್ದು ಆ ಫೋಟೋದ ಕೆಳಗೆ. ಹಾಗಾಗಿ ಅವರ ಮುಖ ನನಗೆ ಬೇರೆ ಮಕ್ಕಳಿಗಿಂತ ಸ್ವಲ್ಪ ಹೆಚ್ಚೇ ಪರಿಚಯ. ಹಿಂದೆ ಯಾವಾಗಲೋ ಇಲ್ಲಿ ಹೆಡ್ ಮಿಸ್ಟ್ರೆಸ್ ಆಗಿದ್ದವರು ಎಂದೇ ನಾವು ತಿಳಿದಿದ್ದೆವು. ಹೆಸರು ಮದರ್ ವೆರೋನಿಕಾ. ನಮ್ಮ ಸಿಸ್ಟರುಗಳ ಹೆಸರಿನ ಮುಂದೆ ‘ಎ.ಸಿ.’ ಎಂದಿರುತ್ತಿತ್ತು. ತರಗತಿಯಲ್ಲಿ ಫ್ಯಾನೇ ಇಲ್ಲ, ಹೆಸರಿಗೆ ಮಾತ್ರ ಏಸಿ ಎಂದು ನಗುತ್ತಿದ್ದೆವು. ಅದು ಅಪೋಸ್ತಲಿಕ್ ಕಾರ್ಮೆಲ್ ಎಂಬ ಸಂಸ್ಥೆಯ ಹೆಸರು, ಅದನ್ನು ಕಟ್ಟಿದವರೇ ಫೋಟೋದಲ್ಲಿರುವ ಹೆಂಗಸು ಎಂದು ತಿಳಿಯುವಾಗ ನಾನು ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಅವರನ್ನು ಮತ್ತೆ ನೆನಪಿಸಿದ್ದು ಕಳೆದ ಮಳೆಗಾಲದಲ್ಲಿ ಬಂದ ಒಂದು ಫೋನು. ಊರಿನ ಬಾಲವಾಡಿಯ ಸಮಿತಿಯಿಂದ. “ಅಕ್ಕಾ, ಟೀಚರಿಗೆ ನೀವೇ ಸ್ವಲ್ಪ ಹೇಳಬೇಕು. ಬೀಗದ ಕೈ ಕೊಡುವುದಿಲ್ಲ ಹೇಳ್ತಾರೆ.” ಫೋನು ಮಾಡಿದ ಹುಡುಗ ಒಂದು ಕಾಲದಲ್ಲಿ ಅದೇ ಬಾಲವಾಡಿಯ ಜಗಲಿಯಲ್ಲಿ ಮೂಗು ಸುರಿಸಿಕೊಂಡು ಅಳುತ್ತಿದ್ದವನು. ಟೀಚರ್ ಎಂದರೆ ನನ್ನ ಅಮ್ಮ.

ಭಜನಾ ಮಂದಿರದ ಪಕ್ಕದ ಚಿಕ್ಕ ಕೋಣೆಯಲ್ಲಿ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಅಮ್ಮ ಅದನ್ನು ಶುರು ಮಾಡಿದ್ದು. ಬೀಡಿ ಕಟ್ಟುವ ಹೆಂಗಸರ ಮಕ್ಕಳು. ಮೂವತ್ತು ವರ್ಷ ನಡೆಸಿದಳು. ಆಮೇಲೆ ಮೊಣಕಾಲು ನೋವು ಬಂದಾಗ, “ನಾನು ಸತ್ತ ಮೇಲೆ ಇದು ನಿಲ್ಲಬಾರದು” ಎಂದು ತಾನೇ ಓಡಾಡಿ ಸಮಿತಿ ಮಾಡಿಸಿದಳು, ತಾನೇ ಸಹಿ ಹಾಕಿದಳು. ಈಗ ಅದೇ ಸಮಿತಿಯವರು ಸ್ಲೇಟು ತೆಗೆದು ಪುಸ್ತಕ ಕೊಟ್ಟಿದ್ದಾರೆ, ಚಾಪೆ ತೆಗೆದು ಬಣ್ಣದ ಕುರ್ಚಿ ಹಾಕಿದ್ದಾರೆ, ಇಂಗ್ಲಿಷ್ ಪದ್ಯ ಹೇಳಿಸುತ್ತಾರೆ. ಅಮ್ಮ ಬೆಳಿಗ್ಗೆ ಎಂಟಕ್ಕೇ ಹೋಗಿ ತಾನೇ ಬಾಗಿಲು ತೆರೆದು, ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತಿ, ಚಾಪೆ ಹಾಸಿಟ್ಟು ಬರುತ್ತಾಳಂತೆ. ಒಂಬತ್ತಕ್ಕೆ ಬರುವ ಹೊಸ ಟೀಚರ್ ಮತ್ತೆ ಕುರ್ಚಿ ಎಳೆದು ಹಾಕಬೇಕು. ಇದು ಎರಡು ತಿಂಗಳಿಂದ ನಡೆದಿದೆ.

ನಾನು ಊರಿಗೆ ಹೊರಟೆ. ಬಸ್ಸಿನಲ್ಲಿ ಓದಲೆಂದು ಜೊತೆಗಿದ್ದದ್ದು, ಹಳೆಯ ಗೆಳತಿಯೊಬ್ಬಳು ಕೊಟ್ಟ ಆ ಸಿಸ್ಟರುಗಳ ಇತಿಹಾಸ. ಬೇರೇನೂ ಇರಲಿಲ್ಲ, ಅದಕ್ಕೇ ಓದಿದೆ.

ಹುಟ್ಟಿದ್ದು 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್. ಹೆಸರು ಸೋಫಿ ಲೀವ್ಸ್. ತಂದೆ ಇಂಗ್ಲಿಷಿನವರು, ಆಂಗ್ಲಿಕನ್ ಪಾದ್ರಿ, ಬೈಬಲ್ ಸೊಸೈಟಿಯ ಕೆಲಸ ಮಾಡುತ್ತಿದ್ದವರು, ಬೈಬಲನ್ನು ಆಡುಮಾತಿನ ಗ್ರೀಕಿಗೆ ತರಲು ಶ್ರಮಿಸಿದವರು. ಮನೆಯಲ್ಲಿ ಪುಸ್ತಕ, ಭಾಷೆ, ಪ್ರಾರ್ಥನೆ. ಅಂಥ ಮನೆಯ ಮಗಳು 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕಳಾದಳು. ಈಗಿನ ಓದುಗರಿಗೆ ಇದು ಒಂದು ಚರ್ಚಿನಿಂದ ಇನ್ನೊಂದು ಚರ್ಚಿಗೆ ಹೋದಷ್ಟೇ ಅನಿಸಬಹುದು. ಪಾದ್ರಿಯ ಮಗಳಿಗೆ ಅದು ಮನೆಯ ಹೊಸಿಲು ದಾಟಿದ ಹಾಗೆ, ಮತ್ತು ಹಾಗೆ ದಾಟಿದವರಿಗೆ ಹಿಂದೆ ಬರಲು ದಾರಿ ಸುಲಭವಿರುವುದಿಲ್ಲ. ಮರುವರ್ಷವೇ ಸಂತ ಜೋಸೆಫರ ಹೆಸರಿನ ಒಂದು ಫ್ರೆಂಚ್ ಕನ್ಯಾಸ್ತ್ರೀ ಸಂಘ ಸೇರಿದರು. ಸೋಫಿ ಹೋಗಿ ವೆರೋನಿಕಾ ಆಯಿತು.

1862ರಲ್ಲಿ ಅವರನ್ನು ಕಲ್ಲಿಕೋಟೆಗೆ ಕಳಿಸಿದರು. ಮಲಬಾರಿನ ಸೆಕೆ, ಗೊತ್ತಿಲ್ಲದ ಭಾಷೆ, ಓದಿಸಲು ಯಾರೂ ಇಲ್ಲದ ಹೆಣ್ಣುಮಕ್ಕಳು. ಆ ಕರಾವಳಿಯ ಕಾರ್ಮೆಲೈಟ್ ಗುರುಗಳಿಗೆ, ಅವರಲ್ಲೂ ಮುಂದೆ ಮಂಗಳೂರಿನ ಬಿಷಪ್ ಆದ ಮರಿ ಎಫ್ರೆಮ್ ಅವರಿಗೆ, ಶಾಲೆ ನಡೆಸುವ ಸಿಸ್ಟರುಗಳು ಬೇಕಿತ್ತು. ವೆರೋನಿಕಾ ಅವರಿಗೆ ಬೇಕಿದ್ದದ್ದು ಮೌನ. ಕಾರ್ಮೆಲ್ ಮಠವೆಂದರೆ ಅದೇ. ಸರಳಿನ ಹಿಂದೆ, ಹೊರಲೋಕದ ಸದ್ದಿಲ್ಲದೆ, ದಿನವಿಡೀ ಪ್ರಾರ್ಥನೆ ಮತ್ತು ಕೈಕೆಲಸ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಆವಿಲಾದ ತೆರೇಸಾ ಬಿಗಿಗೊಳಿಸಿದ ಬದುಕು. ಒಂದು ಕಡೆ ಕರಿಹಲಗೆ, ಗಂಟೆ, ನೂರು ಮಕ್ಕಳ ಗದ್ದಲ. ಇನ್ನೊಂದು ಕಡೆ ಯಾರೂ ಕರೆಯದ ಕೋಣೆ. ಎರಡೂ ದೇವರ ಕರೆಯೇ ಎಂದು ಅನಿಸಿದರೆ ಏನು ಮಾಡುವುದು?

ಅವರು ಮಾಡಿದ್ದು ಎರಡನ್ನೂ ಕೂಡಿಸುವ ಕೆಲಸ. ತನ್ನ ಸಂಘ ಬಿಟ್ಟು 1867ರಲ್ಲಿ ದಕ್ಷಿಣ ಫ್ರಾನ್ಸಿನ ಪೋ ಎಂಬ ಊರಿನ ಕಾರ್ಮೆಲ್ ಮಠಕ್ಕೆ ಹೋದರು. ಹೋಗುವಾಗ ಒಬ್ಬಳು ಹುಡುಗಿಯನ್ನೂ ಕರೆದುಕೊಂಡು ಹೋದರು. ಗಲಿಲಾಯದ ಅರಬ್ ಹುಡುಗಿ, ಮರಿಯಮ್ ಬವಾರ್ದಿ, ಓದುಬರಹ ಬಾರದವಳು. ಇವಳನ್ನು ಇಟ್ಟುಕೊಳ್ಳುವುದು ಕಷ್ಟ ಎಂದು ಸಂತ ಜೋಸೆಫರ ಸಂಘದವರು ಕೈಬಿಟ್ಟಿದ್ದರು. ವೆರೋನಿಕಾ ಕೈಬಿಡಲಿಲ್ಲ. ಆ ಹುಡುಗಿಯನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ಸಂತಳೆಂದು ಘೋಷಿಸಿದರು. ಈ ಕಥೆ ನನಗೆ ಬಹಳ ಇಷ್ಟ. ಸ್ವತಃ ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಹೊರಟವರು, ದಾರಿಯಲ್ಲಿ ಇನ್ನೊಬ್ಬರ ಕೈ ಹಿಡಿದುಕೊಂಡು ಹೋದರಲ್ಲ.

1868ರ ಜುಲೈ 16, ಕಾರ್ಮೆಲ್ ಮಾತೆಯ ಹಬ್ಬದ ದಿನ, ಬಯೋನ್ ಪಟ್ಟಣದಲ್ಲಿ ಒಂದು ಚಿಕ್ಕ ಮನೆ ಶುರುವಾಯಿತು. ಕಾರ್ಮೆಲಿನ ಮೌನ ಒಳಗಿಟ್ಟುಕೊಂಡು ಭಾರತದಲ್ಲಿ ಪಾಠ ಮಾಡಬಲ್ಲ ಸಿಸ್ಟರುಗಳನ್ನು ಅಲ್ಲಿ ತಯಾರು ಮಾಡಿದರು. ಎರಡು ವರ್ಷದ ನಂತರ ಮೂವರು ಹೊರಟರು, ಮುಂದಾಳು ಮದರ್ ಮರಿ ದೇಸಾಂಜ್. ಮಂಗಳೂರಿನಲ್ಲಿ ಮಠ ಸ್ಥಾಪಿಸಲೆಂದು ಪೋ ಮಠದ ಸರಳಿನ ಹಿಂದಿನ ಸಿಸ್ಟರುಗಳೂ ಅದೇ ವರ್ಷ ಹೊರಟರು, ಅವರಲ್ಲಿ ಮರಿಯಮ್ ಕೂಡ ಇದ್ದಳು. ಆ ಪ್ರಯಾಣದಲ್ಲಿ ಊರು ತಲುಪುವ ಮೊದಲೇ ತೀರಿಕೊಂಡವರೂ ಇದ್ದರು. ಉಳಿದವರು 1870ರ ನವೆಂಬರಿನಲ್ಲಿ ಮಂಗಳೂರು ಮುಟ್ಟಿದರು. ಸೇಂಟ್ ಆ್ಯನ್ಸ್ ಕಾನ್ವೆಂಟ್ ಶುರುವಾಯಿತು. 1921ರಲ್ಲಿ ಅದೇ ಸಿಸ್ಟರುಗಳು ಸೇಂಟ್ ಆಗ್ನೆಸ್ ಕಾಲೇಜು ತೆರೆದರು. ನಮ್ಮ ಜಿಲ್ಲೆಯಲ್ಲಿ ಪದವಿ ಓದಿದ ಅಜ್ಜಿಯಂದಿರನ್ನು ಕೇಳಿ ನೋಡಿ, ಹತ್ತರಲ್ಲಿ ಕೆಲವರಾದರೂ ಆಗ್ನೆಸ್ ಎನ್ನುತ್ತಾರೆ.

ಹಡಗು ಹತ್ತಿದವರಲ್ಲಿ ವೆರೋನಿಕಾ ಇರಲಿಲ್ಲ.

ಬಸ್ಸು ಬಿ.ಸಿ. ರೋಡಿನಲ್ಲಿ ನಿಂತಿತ್ತು. ನಾನು ಪುಟ ಹಿಂದೆ ಮಗುಚಿ ಮತ್ತೆ ಓದಿದೆ. ಅವರು ಬಯೋನಿನಲ್ಲೇ ಉಳಿದು ಮುಂದಿನವರನ್ನು ತಯಾರು ಮಾಡಬೇಕಿತ್ತು. ಆದರೆ 1873ರಲ್ಲಿ ಬಿಷಪ್ ಮರಿ ಎಫ್ರೆಮ್ ಮಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಬಯೋನಿನ ಮನೆಯೂ ಮುಚ್ಚಿತು. ಐವತ್ತರ ಹತ್ತಿರದ ಹೆಂಗಸು ಪೋ ಮಠಕ್ಕೆ ಮರಳಿದರು, ಸಂಸ್ಥಾಪಕಿಯಾಗಿ ಅಲ್ಲ, ಕಾರ್ಮೆಲಿನ ಸಿಸ್ಟರುಗಳಲ್ಲಿ ಒಬ್ಬರಾಗಿ. ಆಮೇಲೆ ಮೂವತ್ತಮೂರು ವರ್ಷ ಬದುಕಿದ್ದರು. 1906ರ ನವೆಂಬರಿನಲ್ಲಿ ಪೋ ಊರಿನಲ್ಲೇ ತೀರಿಕೊಂಡರು. ತನ್ನ ಹೆಸರಿನಲ್ಲಿ ಬೆಳೆಯುತ್ತಿದ್ದ ಶಾಲೆಗಳನ್ನು ನೋಡಲು ಭಾರತಕ್ಕೆ ಮತ್ತೆ ಬರಲೇ ಇಲ್ಲ. 2014ರಲ್ಲಿ ಚರ್ಚು ಅವರನ್ನು ‘ಪೂಜನೀಯ’ ಎಂದು ಘೋಷಿಸಿತು. ಸಂತ ಪದವಿಗೆ ಹೋಗುವ ದಾರಿಯ ಒಂದು ಮೆಟ್ಟಿಲು ಅದು.

ಇಂಥ ಚರಿತ್ರೆಗಳಲ್ಲಿ ಈ ಜಾಗ ಬಂದಾಗ ಬರೆಯುವವರು ಬೇಗ ದಾಟಿಬಿಡುತ್ತಾರೆ. ದೇವರ ಚಿತ್ತಕ್ಕೆ ತಲೆಬಾಗಿದರು, ಸಂತೋಷದಿಂದ ಬಿಟ್ಟುಕೊಟ್ಟರು ಎಂದು ಒಂದು ಸಾಲು. ನನಗೆ ಅದು ಅಷ್ಟು ಸಲೀಸು ಅನಿಸುವುದಿಲ್ಲ. ಮೊದಲು ತಂದೆಯ ಚರ್ಚು ಬಿಟ್ಟರು. ಆಮೇಲೆ ಮೊದಲ ಸಂಘ ಬಿಟ್ಟರು. ಕೊನೆಗೆ ತಾನೇ ಹೆತ್ತದ್ದನ್ನು ಬಿಟ್ಟರು. ಮೊದಲಿನ ಎರಡು, ಬೇರೇನೋ ಬೇಕೆಂದು ಬಿಟ್ಟದ್ದು. ಮೂರನೆಯದು? ಅವರಿಗೆ ಬೇಕಾಗಿದ್ದ ಮೌನ ಸಿಕ್ಕಿತಲ್ಲ ಎನ್ನಬಹುದು. ಹೌದು, ಸಿಕ್ಕಿತು. ಆದರೆ ಐದು ವರ್ಷ ಹುಡುಗಿಯರಿಗೆ ಕಲಿಸಿ, ಒಬ್ಬೊಬ್ಬರನ್ನೇ ಹಡಗಿಗೆ ಕಳಿಸಿದ ಮೇಲೆ ಸಿಗುವ ಮೌನ, ಮೊದಲು ಕನಸು ಕಂಡ ಮೌನವೇ ಆಗಿರುತ್ತದೆಯೇ? ಮಂಗಳೂರಿನಲ್ಲಿ ಯಾರೋ ಅವರು ಹೇಳಿಕೊಟ್ಟ ಹಾಗಲ್ಲದೆ ಬೇರೆ ರೀತಿ ಗಂಟೆ ಬಾರಿಸಿರುತ್ತಾರೆ. ಕುರ್ಚಿ ಬೇರೆ ಕಡೆ ಇಟ್ಟಿರುತ್ತಾರೆ.

ಮನೆ ಮುಟ್ಟುವಾಗ ಅಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. ಸೆರಗಿನ ತುದಿಯಲ್ಲಿ ಬೀಗದ ಕೈ ಗಂಟು ಹಾಕಿಕೊಂಡದ್ದು ಕಾಣುತ್ತಿತ್ತು. ನಾನು ಬಂದ ಕಾರಣ ಅವಳಿಗೆ ಮೊದಲೇ ತಿಳಿದಿತ್ತು.

“ನಿನ್ನನ್ನೂ ಕಳಿಸಿದರಾ ಅವರು?” ಎಂದಳು.

ಬುದ್ಧಿ ಹೇಳುವ ಧೈರ್ಯವಾಗಲಿಲ್ಲ. ಆ ದಿನ ಹೇಳಲೂ ಇಲ್ಲ. ರಾತ್ರಿ ಊಟವಾದ ಮೇಲೆ, ಕರೆಂಟು ಹೋಗಿತ್ತು, ಅವಳ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಬಸ್ಸಿನಲ್ಲಿ ಓದಿದ ಕಥೆ ಹೇಳಿದೆ. ಅಮ್ಮ ಚರ್ಚಿನ ಒಳಗೆ ಹೋದವಳಲ್ಲ, ನನ್ನನ್ನು ಆ ಶಾಲೆಗೆ ಹಾಕಿದ್ದೂ ಅಲ್ಲಿ ಕೈಬರಹ ಚೆಂದ ಮಾಡಿಸುತ್ತಾರೆ ಎಂಬ ಒಂದೇ ಕಾರಣಕ್ಕೆ. ಆದರೂ ಗಮನವಿಟ್ಟು ಕೇಳಿದಳು. ಮರಿಯಮಳ ಕಥೆ ಬಂದಾಗ “ಪಾಪದ ಹುಡುಗಿ” ಎಂದಳು. ದಾರಿಯಲ್ಲಿ ತೀರಿಕೊಂಡವರ ವಿಷಯಕ್ಕೆ ನಾಲಗೆ ಚಪ್ಪರಿಸಿದಳು. ಪೋ ಮಠಕ್ಕೆ ಮರಳಿದರು ಎಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದಳು.

“ಮೂವತ್ತಮೂರು ವರ್ಷವಾ?”

“ಹೌದು.”

“ಒಂದು ಸಲವೂ ಬಂದು ನೋಡಲಿಲ್ಲವಾ?”

“ಇಲ್ಲ.”

“ಬೇಸರ ಆಗದೆ ಇರ್ತದಾ ಮಾರಾಯ್ತಿ” ಎಂದಳು. ಆಮೇಲೆ, “ಆ ಕಾಲಕ್ಕೆ ಎಡ ಮೊಣಕಾಲಿಗೂ ಸ್ವಲ್ಪ ಹಚ್ಚು” ಎಂದಳು. ನಾನು ಹಚ್ಚಿದೆ. ಕರೆಂಟು ಬರಲಿಲ್ಲ.

ಮಾರನೆಯ ದಿನ ಅವಳು ಎಂಟು ಗಂಟೆಗೆ ಹೋಗಲಿಲ್ಲ. ಒಂಬತ್ತೂವರೆಗೆ, ಮಕ್ಕಳೆಲ್ಲ ಬಂದು ಬೀಗದ ಮುಂದೆ ನಿಂತಿರುವಾಗ, ಛತ್ರಿ ಹಿಡಿದುಕೊಂಡು ಹೊರಟಳು. ನಾನೂ ಹಿಂದೆ ಹೋದೆ. ಹೊಸ ಟೀಚರ್, ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷದ ಹುಡುಗಿ, ಹೆದರಿಕೊಂಡು ಎದ್ದು ನಿಂತಳು. ಅಮ್ಮ ಸೆರಗಿನ ಗಂಟು ಬಿಚ್ಚಲು ನೋಡಿದಳು, ಮಳೆಗೆ ಒದ್ದೆಯಾಗಿ ಬಿಗಿದಿತ್ತು, ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಆ ಹುಡುಗಿಯೇ ಬಗ್ಗಿ ಹಲ್ಲಿನಿಂದ ಗಂಟು ಬಿಚ್ಚಿದಳು. ಬೀಗ ತೆರೆದದ್ದು ಅವಳೇ. ಅಮ್ಮ ಒಳಗೆ ಹೋಗಲಿಲ್ಲ. ಹೊರಗಿನಿಂದಲೇ, “ಕಿಟಕಿಯ ಕೆಳಗೆ ಮಳೆನೀರು ಬರ್ತದೆ, ಆ ಕಡೆ ಸಣ್ಣ ಮಕ್ಕಳನ್ನು ಕೂರಿಸಬೇಡ ಮಗಾ” ಎಂದಳು.

ಸಂಜೆ ಸಮಿತಿಯ ಹುಡುಗ ಫೋನು ಮಾಡಿ ಹತ್ತು ಸಲ ಥ್ಯಾಂಕ್ಸ್ ಹೇಳಿದ. ರಾತ್ರಿ ಅಡುಗೆಗೆ ಅಕ್ಕಿ ಅಳೆಯಲು ಡಬ್ಬಿಗೆ ಪಾವು ಹಾಕಿದಾಗ ಏನೋ ಟಣ್ ಎಂದಿತು. ಕೈ ಹಾಕಿ ನೋಡಿದರೆ ಇನ್ನೊಂದು ಬೀಗದ ಕೈ, ಪೇಟೆಯಲ್ಲಿ ಮಾಡಿಸಿದ್ದು, ಹೊಸ ಹಿತ್ತಾಳೆಯ ಹೊಳಪು ಇನ್ನೂ ಹೋಗಿರಲಿಲ್ಲ. ಅದನ್ನು ಮತ್ತೆ ಅಕ್ಕಿಯ ಅಡಿಗೆ ತಳ್ಳಿ, ಮೂರು ಪಾವು ಅಳೆದುಕೊಂಡು ಮುಚ್ಚಳ ಹಾಕಿದೆ.