ದಾರದ ಗಿರಣಿಯ ಕಾಲ್ಚೆಂಡು

ನ್ಯೂಜೆರ್ಸಿಯ ಮೆಟುಚೆನ್‌ನಿಂದ ಬೆಳಗಿನ ರೈಲು ಹತ್ತುವವರಲ್ಲಿ ಹೆಚ್ಚಿನವರು ನ್ಯೂಯಾರ್ಕಿನ ಆಫೀಸುಗಳಿಗೆ ಹೊರಟವರು. ನಾನು ನ್ಯೂವಾರ್ಕ್‌ನಲ್ಲೇ ಇಳಿದೆ. "ಲಿಬರ್ಟಿ ಪ್ರತಿಮೆ ಬಿಟ್ಟು ಕಾರ್ನಿಗೆ ಯಾರಾದ್ರೂ ಹೋಗ್ತಾರಾ ಚಿಕ್ಕಪ್ಪ?" ಎಂದು ಅಣ್ಣನ ಮಗ ಕೇಳಿದ್ದ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ಫುಟ್‌ಬಾಲ್ ತಂಡಗಳ ಆಟ ನೋಡುತ್ತ ಬೆಳೆದವನು ನಾನು. ಕಾರ್ಖಾನೆಯ ಕೆಲಸಗಾರರು ಒಂದು ಊರಿಗೇ ಫುಟ್‌ಬಾಲಿನ ಹುಚ್ಚು ಹಿಡಿಸಿದ ಜಾಗ ಇಷ್ಟು ಹತ್ತಿರವಿರುವಾಗ ನೋಡದೆ ಹೇಗೆ ಬರಲಿ?

ನ್ಯೂವಾರ್ಕ್‌ನಿಂದ ಹೊರಟ ಪಾಥ್ ರೈಲು ಪಸೇಯಿಕ್ ನದಿ ದಾಟಿದ ಕೂಡಲೇ ಹ್ಯಾರಿಸನ್ ಬರುತ್ತದೆ. ಅಲ್ಲಿಂದ ಉತ್ತರಕ್ಕೆ ನಡೆದರೆ ಈಸ್ಟ್ ನ್ಯೂವಾರ್ಕ್, ನದಿಯ ಮಗ್ಗುಲಲ್ಲಿ ಕೆಂಪಿಟ್ಟಿಗೆಯ ಹಳೆಯ ಗಿರಣಿ. ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಹೊಲಿಗೆ ದಾರ ಮಾಡುತ್ತಿದ್ದ ಕ್ಲಾರ್ಕ್ ಮನೆತನ 1860ರ ದಶಕದಲ್ಲಿ ನ್ಯೂವಾರ್ಕ್‌ಗೆ ಬಂದು, ಆಮೇಲೆ ನದಿಯ ಈಚೆ ದಡಕ್ಕೂ ಹಬ್ಬಿತು. ಸ್ಕಾಟ್ಲೆಂಡಿನದೇ ಕರ್ಕಾಡಿಯ ನೇರ್ನ್ ಕಂಪನಿ ಪಕ್ಕದ ಕಾರ್ನಿಯಲ್ಲಿ ಲಿನೋಲಿಯಂ ಕಾರ್ಖಾನೆ ತೆರೆಯಿತು. ಕೆಲಸ ಬಲ್ಲ ಸ್ಕಾಟಿಷರು ಸಂಸಾರ ಸಮೇತ ಬಂದರು, ಆಟವನ್ನೂ ಹೊತ್ತು ತಂದರು.

1883ರಲ್ಲಿ ಕ್ಲಾರ್ಕ್ ಗಿರಣಿಯವರು ಕಟ್ಟಿದ ತಂಡಕ್ಕೆ ಓಎನ್‌ಟಿ ಎಂದು ಹೆಸರು. ಅದು ಅವರ ದಾರದ ಉಂಡೆಯ ಮೇಲಿದ್ದ ಮುದ್ರೆ, 'ನಮ್ಮ ಹೊಸ ದಾರ' ಎಂಬುದರ ಮೊದಲಕ್ಷರಗಳು. ಆ ತಂಡ 1885ರ ಮೊಟ್ಟಮೊದಲ ಅಮೆರಿಕನ್ ಕಪ್ ಗೆದ್ದಿತು, ಮುಂದಿನ ಎರಡು ವರ್ಷವೂ ಬಿಟ್ಟುಕೊಡಲಿಲ್ಲ. 1885ರ ನವೆಂಬರ್ 28ರಂದು ಗಿರಣಿಯವರ ಮೈದಾನದಲ್ಲೇ ಅಮೆರಿಕ ಮತ್ತು ಕೆನಡಾ ಆಡಿದವು. ಕೆನಡಾ 1-0ಯಿಂದ ಗೆದ್ದಿತು. ಅಧಿಕೃತ ಪಟ್ಟಿಗೆ ಸೇರದ ಪಂದ್ಯ. ನನಗೆ ಮಾತ್ರ ಅದು ವಿಶ್ವಕಪ್ಪಿನಷ್ಟೇ ದೊಡ್ಡದು. ಗಿರಣಿಯಲ್ಲಿ ದುಡಿದವರು ಕಟ್ಟಿಕೊಂಡ ಆಟ ಎರಡು ದೇಶಗಳನ್ನು ಒಂದು ಅಂಗಳಕ್ಕೆ ಕರೆತಂದಿತ್ತಲ್ಲ.

ಓಎನ್‌ಟಿ ಮರೆಯಾಯಿತು. 1895ರಲ್ಲಿ ಹುಟ್ಟಿದ ಕಾರ್ನಿ ಸ್ಕಾಟ್ಸ್ ಉಳಿಯಿತು. 1937ರಿಂದ 1941ರವರೆಗೆ ಸತತ ಐದು ಸಲ ಅಮೆರಿಕನ್ ಸಾಕರ್ ಲೀಗ್ ಗೆದ್ದ ತಂಡ ಅದು. ಪ್ಯಾಟರ್ಸನ್ ಸ್ಟ್ರೀಟಿನ ಸ್ಕಾಟ್ಸ್ ಅಮೆರಿಕನ್ ಕ್ಲಬ್ಬಿನ ಮುಂದೆ ನಿಂತಾಗ ನನಗೆ ನೆನಪಾದದ್ದು ನಮ್ಮೂರು. ಅದೇ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತ್ತು. ಬ್ರಿಟಿಷ್ ಪಡೆಗಳದೇ ಪಾರುಪತ್ಯವಾಗಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮದು.

ಕಾರ್ನಿ ಅವೆನ್ಯೂ ಉದ್ದಕ್ಕೂ ಈಗ ಪೋರ್ಚುಗೀಸ್ ಬೇಕರಿ, ಪೆರು ದೇಶದ ಹೋಟೆಲು, ಸ್ಪ್ಯಾನಿಷ್ ಬೋರ್ಡುಗಳು. ಗನೆಲ್ ಓವಲ್ ಮೈದಾನದ ಬೇಲಿಯಾಚೆ ಹುಡುಗ ಹುಡುಗಿಯರು ಬೆವರು ಸುರಿಸಿ ಆಡುತ್ತಿದ್ದರು. ಪಕ್ಕದಲ್ಲಿದ್ದ ಹಿರಿಯರನ್ನು ಮಾತಿಗೆಳೆದೆ. ತಮ್ಮ ಅಜ್ಜ ಗ್ಲಾಸ್ಗೋದಿಂದ ಬಂದವರು, ಅಳಿಯ ಪೆರುವಿನವನು, ಅಲ್ಲಿ ಗೋಲು ಕಾಯುತ್ತಿರುವವಳು ಮೊಮ್ಮಗಳು ಎಂದರು. ಊರಿನ ಚರಿತ್ರೆ ಅವರ ಮನೆಯಲ್ಲೇ ಇತ್ತು.

ಅಮೆರಿಕ 40 ವರ್ಷಗಳ ನಂತರ ವಿಶ್ವಕಪ್ಪಿಗೆ ಮರಳಿದ್ದು 1990ರಲ್ಲಿ. ಆ ತಂಡದ ಜಾನ್ ಹಾರ್ಕ್ಸ್, ಟೋನಿ ಮಿಯೋಲಾ, ಟ್ಯಾಬ್ ರಾಮೋಸ್ ಮೂವರೂ ಇಲ್ಲಿನ ಥಿಸಲ್ ಕ್ಲಬ್ಬಿನಲ್ಲಿ ಕಲಿತವರು. ಹಾರ್ಕ್ಸ್ ಸ್ಕಾಟಿಷ್ ವಲಸಿಗರ ಮಗ, ಮಿಯೋಲಾ ಇಟಲಿಯಿಂದ ಬಂದವರ ಮಗ, ರಾಮೋಸ್ ಹುಟ್ಟಿದ್ದು ಉರುಗ್ವೆಯಲ್ಲಿ. ಗಿರಣಿಯವರು ನೆಟ್ಟದ್ದನ್ನು ಯಾರು ಯಾರೋ ಬಂದು ನೀರೆರೆದು ಬೆಳೆಸಿದರು.

ಸಂಜೆ ಹ್ಯಾರಿಸನ್‌ಗೆ ಮರಳಿದರೆ 2010ರಲ್ಲಿ ಕಟ್ಟಿದ ಭಾರೀ ಕ್ರೀಡಾಂಗಣ ಕಂಡಿತು. 25,000 ಜನ ಕೂರಬಹುದಂತೆ. ರೈಲಿನಲ್ಲಿ ಕೂತು ನನ್ನ ಮೊಮ್ಮಗನಿಗೆ ಫೋನ್ ಮಾಡಿದೆ. ಬೆಂಗಳೂರಿಗೆ ಮರಳಿದ ಮೇಲೆ ಅವನನ್ನು ಮೊದಲು ಹಲಸೂರಿನ ಗೌತಮಪುರಕ್ಕೆ ಕರೆದೊಯ್ಯಬೇಕು. ಅಲ್ಲಿನ ಗಲ್ಲಿಗಳಲ್ಲಿ ಫುಟ್‌ಬಾಲ್ ಆಡಿ ಬೆಳೆದು ದೊಡ್ಡ ತಂಡಗಳನ್ನು ಸೇರಿದವರ ಕಥೆಯನ್ನು ಅಲ್ಲಿಯವರ ಬಾಯಿಂದಲೇ ಅವನು ಕೇಳಲಿ.